ಎಚ್-ಇಂಡೆಕ್ಸ್ ನೋಡಿ ಗೈಡ್ ಆರಿಸಬಹುದಾ?

ಪ್ರಶ್ನೆ: ಮಗಳು ಕೆರೆ ಮಾಲಿನ್ಯದ ಬಗ್ಗೆ ಪಿಎಚ್.ಡಿ. ಮಾಡಬೇಕೆಂದಿದ್ದಾಳೆ. ಒಬ್ಬ ಪ್ರೊಫೆಸರರ ಗೂಗಲ್ ಸ್ಕಾಲರ್ (ಸಂಶೋಧನಾ ಲೇಖನಗಳನ್ನು ಹುಡುಕುವ ತಾಣ) ಪುಟದಲ್ಲಿ ಸೈಟೇಷನ್ (ಬೇರೆ ಲೇಖನಗಳಲ್ಲಿ ಬಂದ ಉಲ್ಲೇಖ), ಎಚ್-ಇಂಡೆಕ್ಸ್ ಎಲ್ಲ ಜಾಸ್ತಿ ಇವೆ. ನಂಬಬಹುದಾ?
– ಓದುಗರು, ಮೈಸೂರು

ಉತ್ತರ: ನೋಡಿ, ಆದರೆ ಅದೊಂದನ್ನೇ ನೋಡಬೇಡಿ. ಎಚ್-ಇಂಡೆಕ್ಸ್ 20 ಅಂದರೆ ಅವರ 20 ಲೇಖನಗಳನ್ನು ತಲಾ 20 ಸಲವಾದರೂ ಬೇರೆ ಲೇಖನಗಳು ಉಲ್ಲೇಖಿಸಿವೆ ಎಂದರ್ಥ. 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ಸೂಚಿಸಿದ ಲೆಕ್ಕ ಇದು. ತೊಂದರೆ ಏನೆಂದರೆ, ತಮ್ಮ ಲೇಖನವನ್ನು ತಾವೇ ಉಲ್ಲೇಖಿಸಿಕೊಂಡರೂ ಗೂಗಲ್ ಎಣಿಸುತ್ತದೆ, ಮೂವತ್ತು ಜನ ಸೇರಿ ಬರೆದರೂ ಪ್ರತಿಯೊಬ್ಬರ ಖಾತೆಗೂ ಪೂರ್ತಿ ಜಮಾ ಆಗುತ್ತದೆ, ಸರ್ವಿಸ್ ಹೆಚ್ಚಾದಂತೆ ಸುಮ್ನೆ ಏರುತ್ತಲೂ ಇರುತ್ತದೆ. ಇನ್ನೊಂದು ತಮಾಷೆ ಕೇಳಿ. ಬ್ರಿಟನ್ನಿನ ವಿಜ್ಞಾನಿ ರಿಚರ್ಡ್ ಥಾಂಪ್ಸನ್ ತಂಡ 2004ರಲ್ಲಿ ಸಮುದ್ರದ ಮೈಕ್ರೋಪ್ಲಾಸ್ಟಿಕ್ (ಪ್ಲಾಸ್ಟಿಕ್ಕಿನ ಸಣ್ಣ ಸಣ್ಣ ಚೂರು) ಬಗ್ಗೆ ಬರೆದದ್ದು ಒಂದೇ ಪುಟ. ಅದಕ್ಕೆ ಸಾವಿರಾರು ಉಲ್ಲೇಖ ಸಿಕ್ಕಿವೆ. ಎಚ್-ಇಂಡೆಕ್ಸಿನ ಲೆಕ್ಕದಲ್ಲಿ ಮಾತ್ರ ಅದು ಬರೀ ಒಂದು ಲೇಖನ! ಊರಿನ ಕೆರೆ ನೀರನ್ನು ವರ್ಷಗಟ್ಟಲೆ ಅಳೆದವರ ವರದಿಗೆ ಅಷ್ಟು ಉಲ್ಲೇಖ ಎಲ್ಲಿಂದ ಬರಬೇಕು, ಅಲ್ವಾ?

ಮಗಳು ಅವರ ಇತ್ತೀಚಿನ ನಾಲ್ಕೈದು ಲೇಖನ ಓದಲಿ. ಲೇಖಕರ ಪಟ್ಟಿಯಲ್ಲಿ ವಿದ್ಯಾರ್ಥಿಗಳ ಹೆಸರು ಮೊದಲು ಇರುತ್ತದಾ ಗಮನಿಸಲಿ. ಲ್ಯಾಬಿನಲ್ಲಿ ಈಗ ಇರುವವರನ್ನೂ ಮಾತಾಡಿಸಲಿ.