ಎಲ್ಲ ಆಂದೋಲಕಗಳೂ ಒಂದೇ ಲಯಕ್ಕೆ ಬಂದಿವೆ. ಯಾವುದಕ್ಕೆ ಯಾವುದು ಜೋಡಿದೆ ಎಂದು ಕಂಡುಹಿಡಿಯುವುದು ಹೇಗೆ?

ನೀವು ಇಪ್ಪತ್ತು ಕುರಾಮೊಟೊ ಆಂದೋಲಕಗಳನ್ನು, ಅಂದರೆ ತಮ್ಮದೇ ಲಯದಲ್ಲಿ ಸುತ್ತುತ್ತಾ ಒಂದನ್ನೊಂದು ಎಳೆಯುವ ಘಟಕಗಳ ಗಣಿತ ಮಾದರಿಯನ್ನು, ಕಂಪ್ಯೂಟರಿನಲ್ಲಿ ಓಡಿಸಿದ್ದೀರಿ. ಸಹಸಂಬಂಧದ (ಯಾವ ಎರಡು ಎಷ್ಟರಮಟ್ಟಿಗೆ ಒಟ್ಟಿಗೆ ಏರಿಳಿಯುತ್ತವೆ ಎಂಬುದರ) ಕೋಷ್ಟಕ ತೆಗೆದರೆ ಎಲ್ಲೆಲ್ಲೂ ಒಂದರ ಹತ್ತಿರದ ಅಂಕಿಯೇ ಇದೆ. ಅದರಿಂದ ಜಾಲದ ನಕ್ಷೆ ಬಿಡಿಸಬಹುದೇ ಎಂಬುದು ನಿಮ್ಮ ಪ್ರಶ್ನೆ.

ಆಗದು. ನಾನೂ ಇಲ್ಲೇ ಎಡವಿ, ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತಾ ಒಂದು ವಾರ ಕಳೆದವನು. ತಪ್ಪು ಅಲ್ಲಿರಲಿಲ್ಲ. ಈ ಮಾದರಿಯಲ್ಲಿ ಒಂದು ಆಂದೋಲಕ ಇನ್ನೊಂದನ್ನು ಎಳೆಯುವುದು ಅವೆರಡರ ಹಂತದ (ಸುತ್ತಿನಲ್ಲಿ ಎಲ್ಲಿವೆ ಎಂಬುದರ) ವ್ಯತ್ಯಾಸದ ಸೈನ್ ಬೆಲೆಯಷ್ಟು. ವ್ಯತ್ಯಾಸ ಸೊನ್ನೆಯಾದರೆ ಎಳೆತವೂ ಸೊನ್ನೆ. ಆಮೇಲೆ ಕೊಂಡಿ ಇದ್ದರೂ ಇಲ್ಲದಿದ್ದರೂ ಚಲನೆ ಒಂದೇ.

ಭಜನೆಯಲ್ಲಿ ತಾಳ ಕೂಡಿದ ಮೇಲೆ ಯಾರು ಯಾರ ಕೈ ನೋಡಿ ತಟ್ಟುತ್ತಿದ್ದಾರೆಂದು ಹೇಳಲಾದೀತೇ? ಒಬ್ಬ ತಾಳ ತಪ್ಪಬೇಕು. ಆಗ ಮೊದಲು ತಡವರಿಸುವವರೇ ಅವನನ್ನು ನೋಡುತ್ತಿದ್ದವರು. ಭೌತವಿಜ್ಞಾನಿ ಮಾರ್ಕ್ ಟಿಮ್ಮೆ 2007ರಲ್ಲಿ ತೋರಿಸಿಕೊಟ್ಟ ವಿಧಾನದ ತಿರುಳೂ ಸುಮಾರಾಗಿ ಇದೇ. ಒಂದು ಆಂದೋಲಕಕ್ಕೆ ಸಣ್ಣದೊಂದು ಸ್ಥಿರ ಒತ್ತಡ ಕೊಡಿ, ವ್ಯವಸ್ಥೆ ಮತ್ತೆ ನೆಲೆಗೊಳ್ಳಲಿ, ಹಂತಗಳು ಎಷ್ಟೆಷ್ಟು ಸರಿದವೆಂದು ಅಳೆಯಿರಿ. ಒಂದು ಸಲ ಹೀಗೆ ಮಾಡಿದರೆ ಪ್ರತಿ ಆಂದೋಲಕಕ್ಕೂ ಒಂದೊಂದು ಸಮೀಕರಣ ಸಿಗುತ್ತದೆ. ಒತ್ತಡದ ಜಾಗ ಬದಲಿಸುತ್ತಾ ಹೋದರೆ ಕೊಂಡಿಗಳನ್ನು ಬಿಡಿಸಲು ಬೇಕಾದಷ್ಟು ಸಮೀಕರಣಗಳು ಕೂಡುತ್ತವೆ. ಕೊಂಡಿಗಳು ವಿರಳವಾಗಿದ್ದರೆ ಇಪ್ಪತ್ತು ಸಲವೂ ಬೇಕಾಗದು. ಒತ್ತಡ ಮಾತ್ರ ಸಣ್ಣದಿರಲಿ. ಜೋರಾಗಿ ತಳ್ಳಿದರೆ, ಒತ್ತಡಕ್ಕೆ ತಕ್ಕಷ್ಟೇ ಸರಿತ ಎಂಬ ಸರಳರೇಖೆಯ ಲೆಕ್ಕ ಕೆಡುತ್ತದೆ.

ತಳ್ಳಲು ಅವಕಾಶವಿಲ್ಲದ ಕಡೆ ಗದ್ದಲವೇ (ತಾನಾಗಿ ಆಗುವ ಅಡ್ಡಾದಿಡ್ಡಿ ಅಲುಗಾಟವೇ) ಆ ಕೆಲಸ ಮಾಡುತ್ತದೆ. ಹಾಗಾಗಿ ಅದನ್ನು ಸೋಸಿ ಎಸೆಯಬೇಡಿ. ಆದರೆ ನೋಡಬೇಕಾದದ್ದು ಸಹಸಂಬಂಧವನ್ನಲ್ಲ, ಸಹವಿಚಲನ ಮಾತೃಕೆಯ (ಯಾವ ಎರಡು ಎಷ್ಟು ಒಟ್ಟಿಗೆ ಅಲುಗುತ್ತವೆಂಬ ಅಂಕಿಗಳ ಕೋಷ್ಟಕದ, covariance matrix) ವಿಲೋಮವನ್ನು (inverse). ಅ–ಆ–ಇ ಎಂಬ ಸರಪಳಿಯಲ್ಲಿ ಅ ಮತ್ತು ಇ ನಡುವೆ ಕೊಂಡಿಯಿಲ್ಲದಿದ್ದರೂ ಸಹಸಂಬಂಧ ಇದ್ದೇ ಇರುತ್ತದೆ. ವಿಲೋಮದಲ್ಲಿ ನಡುವಿನ ‘ಆ’ ಮೂಲಕ ಬಂದ ಪಾಲು ಕಳಚಿಹೋಗುತ್ತದೆ. ಕೊಂಡಿಗಳು ಎರಡೂ ದಿಕ್ಕಿಗೆ ಸಮವಾಗಿದ್ದು, ಎಲ್ಲಕ್ಕೂ ಒಂದೇ ಪ್ರಮಾಣದ, ಆದರೆ ಪರಸ್ಪರ ಸ್ವತಂತ್ರವಾದ ಗದ್ದಲವಿದ್ದರೆ ಇದು ಚೆನ್ನಾಗಿ ನಡೆಯುತ್ತದೆ.

ಮುಂದೆ ನಿಜವಾದ ದತ್ತಾಂಶಕ್ಕೆ ಕೈಹಾಕಿದಾಗ ಡಚ್ ವಿಜ್ಞಾನಿ ಹ್ಯೂಗೆನ್ಸ್‌ನ ತೊಲೆ ನೆನಪಿರಲಿ. 1665ರಲ್ಲಿ ಆತನ ಎರಡು ಲೋಲಕ ಗಡಿಯಾರಗಳ ಲಯವನ್ನು ಕೆಡಿಸಿದರೂ ಅರ್ಧ ಗಂಟೆಯೊಳಗೆ ಮತ್ತೆ ಕೂಡಿಕೊಳ್ಳುತ್ತಿದ್ದವು. ಗಾಳಿಯ ಕೆಲಸವೆಂದು ಆತ ಮೊದಲು ಭಾವಿಸಿದ್ದ. ಎರಡನ್ನೂ ತೂಗುಹಾಕಿದ್ದ ತೊಲೆಯ ಸೂಕ್ಷ್ಮ ಅಲುಗಾಟ ಆಮೇಲೆ ಹೊಳೆಯಿತು. ಗಡಿಯಾರಗಳನ್ನಷ್ಟೇ ಅಳೆದವನು ಅವೆರಡರ ನಡುವೆ ನೇರವಾಗಿ ಗೆರೆ ಎಳೆದುಬಿಡುತ್ತಾನೆ.

ನಿಮ್ಮ ಪ್ರೋಗ್ರಾಮಿನಲ್ಲಿ ಅಡಗಿದ ತೊಲೆಯಿಲ್ಲ. ಐದೇ ಆಂದೋಲಕಗಳ ಸರಪಳಿಯಿಂದ ಶುರುಮಾಡಿ, ನಡುವಿನದನ್ನು ಮೆಲ್ಲನೆ ತಳ್ಳಿ. ಅಕ್ಕಪಕ್ಕದ ಎರಡು ಮೊದಲು ಕದಲುವುದು ಬರಿಗಣ್ಣಿಗೇ ಕಾಣುತ್ತದೆ.