ರೊಟ್ಟಿ ಮಾರೋಕೆ ವೆಬ್‌ಸೈಟ್ ಬೇಕಾ? – ಅಂಗಡಿಯವರ ಪ್ರಶ್ನೆಗಳು, ನಮ್ಮ ಉತ್ತರಗಳು

ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಸಣ್ಣ ವ್ಯಾಪಾರದವ್ರದ್ದೇ. ಎಲ್ರೂ ಆನ್‌ಲೈನಿಗೆ ಹೋಗು ಅಂತಾರೆ, ಎಲ್ಲಿಂದ ಶುರು ಮಾಡೋದು, ಯಾರಿಗೆ ಎಷ್ಟು ದುಡ್ಡು ಕೊಡೋದು ಅನ್ನೋದೇ ಗೊಂದಲ. ಐದು ಪ್ರಶ್ನೆ ಆರಿಸ್ಕೊಂಡಿದೀವಿ. ಹೆಸರು ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ನಮಸ್ಕಾರ ರೀ. ನಾನು ಮತ್ತ ನಮ್ಮ ನಾದಿನಿ ಕೂಡಿ ಮನ್ಯಾಗ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ ಮಾಡಿ ಮಾರತೇವಿ. ಬೆಂಗಳೂರಿನ್ಯಾಗ ಇರೋ ನಮ್ಮ ಕಡೆ ಮಂದಿ ವಾಟ್ಸಾಪ್‌ನ್ಯಾಗ ಹೇಳಿ ತರಿಸ್ಕೊಳ್ತಾರ. ಈಗ ಒಬ್ಬಾಂವ ವೆಬ್‌ಸೈಟ್ ಮಾಡಿ ಕೊಡತೇನಿ, ನಲವತ್ತು ಸಾವಿರ ಕೊಡ್ರಿ ಅನ್ನಾಕತ್ತಾನ. ಮಾಡಿಸಬೇಕೇನ್ರಿ?
– ವಿಜಯಪುರ ಜಿಲ್ಲೆ

ಉತ್ತರ: ಸದ್ಯಕ್ಕೆ ಬ್ಯಾಡಕ್ಕ. ನಲವತ್ತು ಸಾವಿರ ಲಾಭ ಬರಬೇಕಂದ್ರೆ ಎಷ್ಟು ರೊಟ್ಟಿ ಬಡೀಬೇಕು ಅನ್ನೋ ಲೆಕ್ಕ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಅದೂ ಅಲ್ದೆ ವೆಬ್‌ಸೈಟ್ ಒಂದು ಸಲದ ಖರ್ಚಲ್ಲ, ಡೊಮೇನು (ವೆಬ್‌ಸೈಟಿನ ಹೆಸರು), ಹೋಸ್ಟಿಂಗು (ಅದನ್ನ ಇಡೋ ಜಾಗ) ಅಂತ ವರ್ಷಾ ವರ್ಷಾ ಕಟ್ತಾ ಇರ್ಬೇಕು, ರೇಟ್ ಬದಲಾಯಿಸ್ಬೇಕಂದ್ರೂ ಆ ಹುಡುಗನಿಗೇ ಫೋನ್ ಮಾಡ್ಬೇಕು, ಅವನು ಎತ್ಲಿಲ್ಲ ಅಂದ್ರೆ ಮುಗೀತು. ನಿಮ್ಮ ಗಿರಾಕಿ ಈಗಾಗ್ಲೇ ವಾಟ್ಸಾಪಲ್ಲಿ ಇದಾರೆ, ಅವ್ರನ್ನ ಬೇರೆ ಕಡೆ ಕರ್ಕೊಂಡು ಹೋಗೋ ಅವಸರ ಏನಿದೆ?

ವಾಟ್ಸಾಪ್ ಬಿಸಿನೆಸ್ ಅಂತ ಬೇರೆ ಆ್ಯಪ್ ಇದೆ, ಫ್ರೀ. ವ್ಯಾಪಾರಕ್ಕೇ ಅಂತ ಒಂದು ಸಿಮ್ ತಗೊಂಡು ಅದ್ರಲ್ಲಿ ಹಾಕ್ಕೊಳ್ಳಿ. ಅದ್ರಲ್ಲಿ ಕ್ಯಾಟಲಾಗ್ ಅನ್ನೋದು ಇರತ್ತೆ, ಜೋಳದ ರೊಟ್ಟಿ, ಸಜ್ಜಿ ರೊಟ್ಟಿ, ಹಿಂಡಿ ಪಾಕೀಟು ಒಂದೊಂದರದ್ದೂ ಫೋಟೋ ತೂಕ ರೇಟ್ ಹಾಕಿಟ್ರೆ ‘ರೇಟ್ ಎಷ್ಟು ರೀ’ ಅಂತ ಕೇಳಿದವ್ರಿಗೆಲ್ಲ ಒಂದೊಂದೇ ಟೈಪ್ ಮಾಡೋದು ತಪ್ಪತ್ತೆ. ಲೇಬಲ್ ಅಂತ ಇದೆ, ದುಡ್ಡು ಬಂದಿದ್ದು, ಪಾರ್ಸೆಲ್ ಹೋಗಿದ್ದು, ಬಾಕಿ ಇರೋದು ಅಂತ ಬಣ್ಣ ಹಚ್ಚಿ ಬೇರೆ ಮಾಡ್ಕೋಬಹುದು. ಬ್ರಾಡ್‌ಕಾಸ್ಟ್‌ನಲ್ಲಿ ಒಂದೇ ಮೆಸೇಜ್ ಎಲ್ರಿಗೂ ಕಳಿಸ್ಬಹುದು, ಆದ್ರೆ ನಿಮ್ಮ ನಂಬರ್ ಯಾರ ಫೋನಲ್ಲಿ ಸೇವ್ ಆಗಿದೆಯೋ ಅವ್ರಿಗೆ ಮಾತ್ರ ಅದು ಮುಟ್ಟೋದು, ಹಾಗಾಗಿ ಮೊದಲ್ನೇ ಪಾರ್ಸೆಲ್ ಜೊತೆಗೇ ಒಂದು ಚೀಟಿ ಇಡಿ, ನಂಬರ್ ಸೇವ್ ಮಾಡ್ಕೊಳ್ಳಿ ಅಂತ.

ನಿಮಗೆ ನಿಜವಾದ ತಲೆನೋವು ಇರೋದು ಕೊರಿಯರ್‌ನಲ್ಲಿ, ವೆಬ್‌ಸೈಟ್‌ನವನು ಅದನ್ನ ಹೇಳೇ ಇರಲ್ಲ. ಖಡಕ್ ರೊಟ್ಟಿ ಹಗುರ, ಆದ್ರೆ ಅಗಲ. ಕೊರಿಯರ್‌ನವ್ರು ತೂಕ ಒಂದೇ ನೋಡಲ್ಲ, ಡಬ್ಬದ ಉದ್ದ ಅಗಲ ಎತ್ತರ ಸೆಂಟಿಮೀಟರಲ್ಲಿ ಗುಣಿಸಿ 5000ದಿಂದ ಭಾಗಿಸ್ತಾರೆ, ಹೆಚ್ಚಿನ ಕಂಪನಿಗಳದ್ದು ಇದೇ ಲೆಕ್ಕ, ಆ ಸಂಖ್ಯೆ ನಿಜವಾದ ತೂಕಕ್ಕಿಂತ ಜಾಸ್ತಿ ಬಂದ್ರೆ ಅದಕ್ಕೇ ಚಾರ್ಜು. 30 ಉದ್ದ, 30 ಅಗಲ, 20 ಎತ್ತರದ ಡಬ್ಬ ಅಂದ್ರೆ 3.6 ಕೆಜಿ ಲೆಕ್ಕ ಆಯ್ತು, ಒಳಗೆ ಒಂದೂವರೆ ಕೆಜಿ ಮಾಲು ಇದ್ರೂ ಅಷ್ಟೇ! ಅದಕ್ಕೆ ರೊಟ್ಟಿ ಸ್ವಲ್ಪ ಸಣ್ಣ ಮಾಡಿ, ಡಬ್ಬದಲ್ಲಿ ಜಾಗ ಉಳಿದಲ್ಲೆಲ್ಲ ಹಿಂಡಿ ಪಾಕೀಟು ಇಡಿ, ಅದೇ ಚಾರ್ಜಲ್ಲಿ ಅದೂ ಹೋಗತ್ತೆ, ರೊಟ್ಟಿ ಅಲ್ಲಾಡಿ ಮುರಿಯೋದೂ ಕಮ್ಮಿ. ರೊಟ್ಟಿ ಕೆಳಗೊಂದು ಮೇಲೊಂದು ದಪ್ಪ ರಟ್ಟು ಇಟ್ಟು ಬಿಗಿಯಾಗಿ ಸುತ್ತಿ. ಅಷ್ಟಾದ್ರೂ ಎರಡು ಮೂರು ಮುರದೇ ಮುರೀತವೆ, ‘ಮುರಿಯೋದಕ್ಕೆ ಅಂತ ಮೂರು ಹೆಚ್ಚು ಇಟ್ಟೀವಿ’ ಅಂತ ಮೊದಲೇ ಬರದುಬಿಡಿ, ಯಾರೂ ಜಗಳ ಆಡಲ್ಲ.

ಇನ್ನೊಂದು ಉಪಾಯ. ದಿನಾ ಒಂದೊಂದು ಆರ್ಡರ್ ಕಳಿಸ್ಬೇಡಿ. ಬುಧವಾರದ ತನಕ ಆರ್ಡರು, ಗುರುವಾರ ರೊಟ್ಟಿ, ಶುಕ್ರವಾರ ರಾತ್ರಿ ಬೆಂಗಳೂರು ಬಸ್ಸಿಗೆ ಒಂದೇ ದೊಡ್ಡ ಪಾರ್ಸೆಲ್. ಅಲ್ಲಿ ನಿಮ್ಮವ್ರು ಯಾರಾದ್ರೂ ಇಳಿಸ್ಕೊಂಡು ಶನಿವಾರ ಹಂಚಿದ್ರೆ ಅವ್ರಿಗೆ ಇಷ್ಟು ಅಂತ ಕೊಡಿ. ಬೆಂಗಳೂರಿನವ್ರಿಗೂ ಶನಿವಾರ ಮನೇಲಿ ಇರೋದು ಸುಲಭ. ದುಡ್ಡು ಮಾತ್ರ ಮುಂಚೆನೇ ತಗೊಳ್ಳಿ, ಸಂಕೋಚ ಬೇಡ.

ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಆಗಿಲ್ಲ ಅಂದ್ರೆ ಮೊದಲು ಅದು ಮಾಡಿಸಿ, ಮನೇಲಿ ಮಾಡಿ ಮಾರಿದ್ರೂ ಬೇಕೇ ಬೇಕು. ಫಾಸ್ಕಾಸ್ ಅನ್ನೋ ಪೋರ್ಟಲ್‌ನಲ್ಲಿ ನಾವೇ ಅರ್ಜಿ ಹಾಕ್ಬಹುದು, ಸಣ್ಣವ್ರಿಗೆ ಸರ್ಕಾರಿ ಫೀಸು ತೀರಾ ಕಮ್ಮಿ, ಏಜೆಂಟ್ ಕೇಳೋದೇ ಜಾಸ್ತಿ. ಅಲ್ಲಿ ಸಿಗೋ 14 ಅಂಕಿಯ ನಂಬರ್ ಪಾಕೀಟಿನ ಮೇಲೆ ಇರ್ಬೇಕು, ಜೊತೆಗೆ ಏನೇನು ಹಾಕಿದೀರಿ, ತೂಕ, ಮಾಡಿದ ದಿನ, ಎಷ್ಟು ದಿನದೊಳಗೆ ತಿನ್ಬೇಕು, ಬೆಲೆ, ವಿಳಾಸ. ಇಷ್ಟೆಲ್ಲ ಸಾಲಾಗಿ ನಡೆದು, ವಾಟ್ಸಾಪಲ್ಲಿ ಆರ್ಡರ್ ಬರಕೊಳ್ಳೋಕೇ ಒಬ್ಬರು ಬೇಕು ಅನ್ನೋ ಪರಿಸ್ಥಿತಿ ಬಂದಾಗ ವೆಬ್‌ಸೈಟ್ ವಿಚಾರ ಮಾಡಿದ್ರಾಯ್ತು.

ಪ್ರಶ್ನೆ: ನಮ್ಮ ತಂದೆ ಕಾಲದ ಹಾರ್ಡ್‌ವೇರ್ ಅಂಗಡಿ. ಈಗಿನ ಹುಡುಗ್ರು ಅಂಗಡೀಲೇ ನಿಂತ್ಕೊಂಡು ಮೊಬೈಲ್ ತೋರಿಸಿ ಆನ್‌ಲೈನಲ್ಲಿ ಇಷ್ಟಕ್ಕೇ ಸಿಗತ್ತೆ ಅಂತಾರೆ. ನಾವೂ ಅಮೆಜಾನ್, ಫ್ಲಿಪ್‌ಕಾರ್ಟ್‌ನಲ್ಲಿ ಮಾರೋಕೆ ಶುರು ಮಾಡ್ಬೇಕಾ ಸರ್?
– ತಿಪಟೂರು

ಉತ್ತರ: ಡ್ರಿಲ್ಲಿಂಗ್ ಮೆಷಿನ್ ರೇಟಲ್ಲಿ ಅವ್ರ ಜೊತೆ ಗುದ್ದಾಡೋಕೆ ಹೋಗ್ಬೇಡಿ ಅಣ್ಣ, ಕಮಿಷನ್ನು, ಡೆಲಿವರಿ ಚಾರ್ಜು, ವಾಪಸ್ ಬಂದ ಮಾಲಿನ ಖರ್ಚು ಎಲ್ಲ ಕಳೆದ್ರೆ ಕೈಗೆ ಏನೂ ಉಳಿಯಲ್ಲ. ಆದ್ರೆ ಭಾನುವಾರ ಬೆಳಗ್ಗೆ ಮನೇಲಿ ಪೈಪ್ ಒಡೆದು ನೀರು ಚಿಮ್ತಾ ಇದೆ ಅಂದ್ಕೊಳ್ಳಿ, ಆ ಮನುಷ್ಯ ನಾಳೆ ಬರೋ ಡೆಲಿವರಿಗೆ ಕಾಯಲ್ಲ, ಫೋನ್ ತೆಗೆದು ಹತ್ತಿರ ಯಾವ ಅಂಗಡಿ ತೆರೆದಿದೆ ಅಂತ ಗೂಗಲ್ ಮ್ಯಾಪಲ್ಲಿ ಹುಡುಕ್ತಾನೆ. ಅಲ್ಲಿ ನಿಮ್ಮ ಅಂಗಡಿ ಇದೆಯಾ? ಇದ್ರೆ ಫೋನ್ ನಂಬರ್ ಸರಿಯಿದೆಯಾ? ಭಾನುವಾರ ಮಧ್ಯಾಹ್ನದ ತನಕ ತೆರೆದಿರ್ತೀರಾ ಅಂದ್ರೆ ಅದು ಅಲ್ಲಿ ಕಾಣತ್ತಾ? ಮೊದಲು ಇಷ್ಟು ನೋಡಿ.

ಗೂಗಲ್ ಬಿಸಿನೆಸ್ ಪ್ರೊಫೈಲ್ ಅಂತ ಅದರ ಹೆಸರು, ಪೈಸೆ ಖರ್ಚಿಲ್ಲ. ಅಂಗಡಿ ನಿಮ್ದೇ ಅಂತ ತೋರಿಸೋಕೆ ಈಗ ಸಾಮಾನ್ಯವಾಗಿ ವಿಡಿಯೋ ಕೇಳ್ತಾರೆ, ರಸ್ತೆ, ಬೋರ್ಡು, ನೀವೇ ಬೀಗ ತೆಗೆದು ಶಟರ್ ಎತ್ತೋದು, ಒಳಗಿನ ಮಾಲು ಇಷ್ಟನ್ನೂ ನಿಲ್ಲಿಸದೆ ಒಂದೇ ಸಲಕ್ಕೆ ತೆಗೆದು ಕಳಿಸ್ಬೇಕು. ಬೋರ್ಡ್ ಮೇಲೆ ಇರೋ ಹೆಸರನ್ನೇ ಹಾಕಿ, ಅದಕ್ಕೆ ‘ಬೆಸ್ಟ್ ಹಾರ್ಡ್‌ವೇರ್ ಇನ್ ತಿಪಟೂರ್’ ಅಂತ ಬಾಲ ಅಂಟಿಸ್ಬೇಡಿ, ಪ್ರೊಫೈಲ್ ಸಸ್ಪೆಂಡ್ ಮಾಡಿಬಿಡ್ತಾರೆ. ಇನ್ನೊಂದು, ಇದನ್ನ ಅಂಗಡಿಗೇ ಅಂತ ಮಾಡಿರೋ ಜಿಮೇಲಿಂದ ಮಾಡಿ, ಪಾಸ್‌ವರ್ಡ್ ನಿಮ್ಮ ಹತ್ರ ಇರ್ಲಿ. ಅಣ್ಣನ ಮಗ ತನ್ನ ಮೇಲಿಂದ ಮಾಡಿಕೊಟ್ಟು ಆಮೇಲೆ ಕೆಲಸಕ್ಕೆ ಅಂತ ಬೇರೆ ಊರಿಗೆ ಹೋಗಿ, ಇಲ್ಲಿ ಟೈಮಿಂಗ್ ಬದಲಾಯಿಸೋಕೂ ಆಗದೆ ಕೂತಿರೋ ಅಂಗಡಿಗಳು ಬೇಕಾದಷ್ಟಿವೆ. ‘ಗೂಗಲ್‌ನಿಂದ ಫೋನ್ ಮಾಡ್ತಿದೀವಿ, ದುಡ್ಡು ಕಟ್ಟಿದ್ರೆ ಮೊದಲ್ನೇ ಸ್ಥಾನ’ ಅಂತ ಕಾಲ್ ಬರ್ತವೆ, ಅದು ಮೋಸ, ಲಿಸ್ಟಿಂಗ್‌ಗೆ ಗೂಗಲ್ ದುಡ್ಡು ಕೇಳಲ್ಲ.

ನಿಮ್ಮ ಖಾಯಂ ಗಿರಾಕಿ ಪ್ಲಂಬರು, ಎಲೆಕ್ಟ್ರಿಷಿಯನ್ನು, ಮೇಸ್ತ್ರಿಗಳು. ಅವ್ರಿಗೆ ಒಂದು ನಂಬರ್ ಕೊಡಿ, ಮುರಿದ ಕಪ್ಲಿಂಗ್ ಫೋಟೋ ಅಲ್ಲಿಂದಲೇ ಕಳಿಸ್ಲಿ, ಪಕ್ಕದಲ್ಲಿ ಟೇಪ್ ಇಟ್ಟು ತೆಗೀರಿ ಅಂತ ಮಾತ್ರ ಹೇಳಿ, ಇಲ್ಲಾಂದ್ರೆ ಮುಕ್ಕಾಲಿಂಚೋ ಒಂದಿಂಚೋ ಗೊತ್ತಾಗಲ್ಲ. ಇದೆ, ಎತ್ತಿಟ್ಟಿದೀನಿ ಬಾ ಅಂತ ಎರಡು ನಿಮಿಷದಲ್ಲಿ ಉತ್ತರ ಕೊಟ್ರೆ ಆ ಮೇಸ್ತ್ರಿ ಬೇರೆ ಅಂಗಡಿಗೆ ಯಾಕೆ ಹೋಗ್ತಾನೆ? ಮೊಬೈಲ್ ತೋರಿಸೋ ಹುಡುಗ್ರು ಹೋದ್ರೆ ಹೋಗ್ಲಿ ಬಿಡಿ.

ಪ್ರಶ್ನೆ: ಇಳಕಲ್ ಸೀರೆ ಮಾರತೀವಿ ಸರ್. ಇನ್‌ಸ್ಟಾಗ್ರಾಮಲ್ಲಿ ಎರಡು ಸಾವಿರ ಹಾಕಿ ಒಂದು ರೀಲ್ ಬೂಸ್ಟ್ ಮಾಡಿದ್ವಿ. ಲೈಕ್ ರಾಶಿ ರಾಶಿ ಬಂತು, ಸೀರೆ ಮಾತ್ರ ಒಂದೂ ಹೋಗಲಿಲ್ಲ. ಯಾಕೆ?
– ಹುಬ್ಬಳ್ಳಿ

ಉತ್ತರ: ಬೂಸ್ಟ್ ಒತ್ತುವಾಗ ನಿಮಗೇನು ಬೇಕು ಅಂತ ಕೇಳತ್ತೆ. ಪ್ರೊಫೈಲ್ ನೋಡ್ಲಿ ಅಂತ ಒತ್ತಿದ್ರೆ, ನೋಡಿ ಲೈಕ್ ಒತ್ತಿ ಮುಂದೆ ಹೋಗೋ ಜನರನ್ನೇ ಹುಡುಕಿ ತೋರಿಸತ್ತೆ, ಅದು ಹೇಳಿದ ಕೆಲಸ ಸರಿಯಾಗೇ ಮಾಡಿದೆ. ಮುಂದಿನ ಸಲ ಮೆಸೇಜ್ ಬರ್ಲಿ ಅನ್ನೋದು ಆರಿಸಿ, ಒತ್ತಿದ ತಕ್ಷಣ ನಿಮ್ಮ ವಾಟ್ಸಾಪ್ ತೆರೆಯೋ ಹಾಗೆ. ಊರು ಇಡೀ ಇಂಡಿಯಾ ಅಂತ ಬಿಟ್ಟಿದ್ರೆ ಬದಲಾಯಿಸಿ. ಇಳಕಲ್ ಸೀರೆ ಗೊತ್ತಿರೋರು ಎಲ್ಲಿದಾರೆ? ನಮ್ಮ ಉತ್ತರ ಕರ್ನಾಟಕ, ಬೆಂಗಳೂರು, ಆಮೇಲೆ ಸೊಲ್ಲಾಪುರ, ಪುಣೆ, ಮಹಾರಾಷ್ಟ್ರದವ್ರು ಇದನ್ನ ಉಡ್ತಾರೆ, ಅವ್ರಿಗೆ ಅಂತ ಮರಾಠೀಲಿ ಒಂದು ಸಾಲು ಬರೆಸಿ. ಮತ್ತೆ ಜಾಹೀರಾತಿನ ದುಡ್ಡಿನ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಇದೆ, ಬಜೆಟ್ ಹಾಕುವಾಗ ಅದನ್ನೂ ಸೇರಿಸ್ಕೊಳ್ಳಿ.

ರೀಲ್ ವಿಷಯ. ನೀವು ಕಳಿಸಿದ ಲಿಂಕ್ ನೋಡ್ದೆ, ಮಾಡೆಲ್ ನಡ್ಕೊಂಡು ಬರ್ತಾಳೆ, ಹಿಂದೆ ಹಾಡು, ಕೆಳಗೆ ‘ರೇಟಿಗೆ ಮೆಸೇಜ್ ಮಾಡಿ’. ಸೀರೆ ಕಾಣಿಸೋದು ನಾಕೇ ಸೆಕೆಂಡು! ಕೈಮಗ್ಗದ್ದೋ ಪವರ್‌ಲೂಮೋ ಅನ್ನೋ ಅನುಮಾನ ಕೊಳ್ಳೋರಿಗೆ ಇದ್ದೇ ಇರತ್ತೆ, ನೀವು ಅದನ್ನೇ ಬಿಡಿಸಿ ತೋರಿಸ್ಬೇಕು. ಮೈ ಮತ್ತೆ ಸೆರಗು ಸೇರೋ ಜಾಗದಲ್ಲಿ ಎರಡೂ ಕಡೆ ಎಳೆ ಕೊಂಡಿ ಹಾಕಿ ಜೋಡಿಸಿರ್ತಾರಲ್ಲ, ಇಳಕಲ್‌ನ ವಿಶೇಷನೇ ಅದು, ಕ್ಯಾಮೆರಾ ಹತ್ರ ತಂದು ಸೀರೆ ತಿರುಗಿಸಿ ಹಿಂಭಾಗನೂ ತೋರಿಸಿ. ಟೋಪ ತೆನಿ ಅನ್ನೋ ವಿನ್ಯಾಸದ ಸೆರಗು ಪೂರ್ತಿ ಹರವಿ. ಬೆಳಗಿನ ಬಿಸಿಲಲ್ಲಿ ಒಂದು, ನೆರಳಲ್ಲಿ ಒಂದು ತೆಗೀರಿ, ಅಂಗಡಿ ಟ್ಯೂಬ್‌ಲೈಟಲ್ಲಿ ತೆಗೆದ ಬಣ್ಣ ನಂಬಿ ಕೊಂಡವ್ರು ಸೀರೆ ವಾಪಸ್ ಕಳಿಸ್ತಾರೆ. ಫಿಲ್ಟರ್ ಬೇಡವೇ ಬೇಡ. ರೇಟು ಬರೆಯಿರಿ, ಮುಚ್ಚಿಟ್ರೆ ಅರ್ಧ ಜನ ದುಬಾರಿ ಇರ್ಬೇಕು ಅಂತ ಕೇಳೋದೇ ಇಲ್ಲ. ದುಡ್ಡು ಹಾಕೋದಿದ್ರೆ ಪಂಚಮಿಗೆ, ದಸರಾಕ್ಕೆ ಮೂರ್ನಾಕು ವಾರ ಮುಂಚೆ ಹಾಕಿ, ಹಬ್ಬದ ವಾರ ಕೊಂಡ್ರೆ ಫಾಲ್ ಹಚ್ಚಿಸಿ ಜಂಪರ್ ಹೊಲಿಸೋಕೆ ಟೈಮ್ ಎಲ್ಲಿರತ್ತೆ?

ಪ್ರಶ್ನೆ: ಸಣ್ಣ ಬೇಕರಿ, ಟೀನೂ ಕೊಡ್ತೀವಿ. ಹೋದ ವರ್ಷ ಯುಪಿಐ ನೋಡಿ ಟ್ಯಾಕ್ಸ್ ನೋಟಿಸ್ ಬಂತಲ್ಲ, ಆವಾಗಿಂದ ಕ್ಯೂಆರ್ ತೆಗೆದುಬಿಡೋಣ ಅನ್ನಿಸ್ತಿದೆ. ಗಿರಾಕಿ ಕ್ಯಾಶ್ ಇಲ್ಲ ಅಂತ ವಾಪಸ್ ಹೋಗ್ತಾರೆ. ಏನ್ ಮಾಡ್ಲಿ?
– ಬೆಂಗಳೂರು

ಉತ್ತರ: ನೀವು ಹೇಳ್ತಿರೋದು 2025ರ ಜುಲೈ ಗಲಾಟೆ. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ತೆಗೆದು ತುಂಬಾ ಸಣ್ಣ ಅಂಗಡಿಯವ್ರಿಗೆ ನೋಟಿಸ್ ಕೊಡ್ತು, ಬೆಂಗಳೂರಲ್ಲಿ ‘ನೋ ಯುಪಿಐ, ಓನ್ಲಿ ಕ್ಯಾಶ್’ ಅಂತ ಚೀಟಿ ಅಂಟಿಸಿದ್ರು. ಭಯ ಅರ್ಥ ಆಗತ್ತೆ. ಆದ್ರೆ ಕ್ಯೂಆರ್ ತೆಗೆದ್ರೆ ವಹಿವಾಟು ಕಮ್ಮಿ ಆಯ್ತು ಅಂತ ಕಾನೂನು ಒಪ್ಪಲ್ಲ, ಅಲ್ಲಿ ಕ್ಯಾಶೂ ಸೇರಿಸೇ ಲೆಕ್ಕ.

ಬರೀ ಮಾಲು ಮಾರೋರಿಗೆ ವರ್ಷಕ್ಕೆ 40 ಲಕ್ಷ ದಾಟಿದ್ರೆ ಜಿಎಸ್‌ಟಿ ನೋಂದಣಿ, ಅಂದ್ರೆ ದಿನಕ್ಕೆ ಹತ್ತತ್ರ 11 ಸಾವಿರ. ನೀವು ಟೀ ಮಾಡಿ ಕೊಡ್ತೀರಲ್ಲ, ಅದು ಸರ್ವೀಸ್ ಅಂತ ಆಗತ್ತೆ, ಎರಡೂ ಕೂಡಿದ್ರೆ ಮಿತಿ 20 ಲಕ್ಷ, ದಿನಕ್ಕೆ ಸುಮಾರು 5,500. ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಬರೀ ಹಾಲು, ತರಕಾರಿ, ಹೂವು ಥರ ತೆರಿಗೆ ಇಲ್ಲದ ಮಾಲು ಮಾತ್ರ ಮಾರೋರಿಗೆ ನೋಂದಣಿ ಬೇಕಿಲ್ಲ. ಮಿತಿ ದಾಟೋ ಹಾಗಿದ್ರೆ ಕಾಂಪೊಸಿಷನ್ ಸ್ಕೀಮ್ (ಒಟ್ಟು ವಹಿವಾಟಿನ ಮೇಲೆ ಇಷ್ಟು ಪರ್ಸೆಂಟ್ ಅಂತ ತೆರಿಗೆ ಕಟ್ಟೋದು) ಬಗ್ಗೆ ಕೇಳಿ, ಒಂದೂವರೆ ಕೋಟಿ ತನಕ ಸಿಗತ್ತೆ, ವ್ಯಾಪಾರಿಗಳಿಗೆ 1 ಪರ್ಸೆಂಟು, ಹೋಟೆಲ್ ಥರದವ್ರಿಗೆ 5. ನಿಮ್ದು ಯಾವುದಕ್ಕೆ ಬರತ್ತೆ ಅಂತ ಆಡಿಟರ್ ಹತ್ರ ಒಂದು ಗಂಟೆ ಕೂತ್ಕೊಂಡು ಇತ್ಯರ್ಥ ಮಾಡ್ಕೊಳ್ಳಿ.

ಇವತ್ತೇ ಮಾಡೋ ಕೆಲಸ ಒಂದಿದೆ. ಅಂಗಡಿ ಕ್ಯೂಆರ್‌ಗೆ ಬೇರೆ ಅಕೌಂಟ್. ತಂಗಿ ಕಳಿಸಿದ ದುಡ್ಡು, ಚೀಟಿ ದುಡ್ಡು, ಕೈಸಾಲ ವಾಪಸ್ ಬಂದಿದ್ದು ಎಲ್ಲ ಅಂಗಡಿ ಕ್ಯೂಆರ್‌ಗೇ ಬಿದ್ರೆ ಅಷ್ಟೂ ನಿಮ್ಮ ವ್ಯಾಪಾರ ಅಂತ ಕಾಣತ್ತೆ, ಆಮೇಲೆ ಅದು ಬನ್ ಮಾರಿದ್ದಲ್ಲ ಅಂತ ಸಾಬೀತು ಮಾಡೋ ಕಷ್ಟ ನಿಮ್ಮದೇ.

ಪ್ರಶ್ನೆ: ಸ್ವೀಟ್ ಅಂಗಡಿ ನಮ್ದು. ಮಿಲಿಟರಿ ಆಫೀಸರ್ ಅಂತ ಒಬ್ಬ ಫೋನ್ ಮಾಡಿ 40 ಕೆಜಿ ಆರ್ಡರ್ ಕೊಟ್ಟ, ಐಡಿ ಕಾರ್ಡ್ ಫೋಟೋನೂ ಕಳಿಸ್ದ. ಅಡ್ವಾನ್ಸ್ ಹಾಕ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂದ. ಅನುಮಾನ ಬಂದು ಬಿಟ್ಟೆ. ಸರಿ ಮಾಡಿದ್ನಾ?
– ಶಿವಮೊಗ್ಗ

ಉತ್ತರ: ನೂರಕ್ಕೆ ನೂರು ಸರಿ. ಯುಪಿಐ ಪಿನ್ ಬೇಕಾಗೋದು ದುಡ್ಡು ಕೊಡೋಕೆ (ಬ್ಯಾಲೆನ್ಸ್ ನೋಡೋಕೂ ಕೇಳತ್ತೆ), ತಗೊಳ್ಳೋಕೆ ಪಿನ್ನೂ ಬೇಡ ಸ್ಕ್ಯಾನೂ ಬೇಡ. ದೊಡ್ಡ ಆರ್ಡರ್, ರೇಟ್ ಚೌಕಾಸಿ ಇಲ್ಲ, ಅರ್ಜೆಂಟ್ ಅರ್ಜೆಂಟ್ ಅಂತ ಒತ್ತಡ, ಇವು ಮೂರೂ ಒಟ್ಟಿಗೆ ಬಂದ್ರೆ ಫೋನ್ ಇಟ್ಟುಬಿಡಿ. ಮೋಸ ಆಗಿಹೋದ್ರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕಾಲ್ ಮಾಡ್ಬೇಕು, ದುಡ್ಡು ಮುಂದಿನ ಅಕೌಂಟಿಗೆ ದಾಟೋ ಮುಂಚೆ ತಡೆಯೋಕೆ ಆಗಬಹುದು, ನಾಳೆ ನೋಡೋಣ ಅಂದ್ರೆ ಕಷ್ಟ. ಕೌಂಟರಲ್ಲಿ ಇರೋ ಹುಡುಗನಿಗೂ ಹೇಳಿಡಿ, ಗಿರಾಕಿ ಮೊಬೈಲಲ್ಲಿ ಹಸಿರು ಟಿಕ್ ತೋರಿಸಿದ್ರೆ ಸಾಲ್ದು, ಹಾಗೇ ಕಾಣೋ ನಕಲಿ ಆ್ಯಪ್‌ಗಳಿವೆ, ಸೌಂಡ್‌ಬಾಕ್ಸ್ ಕೂಗ್ಬೇಕು ಇಲ್ಲಾ ನಿಮ್ಮ ಆ್ಯಪಲ್ಲಿ ದುಡ್ಡು ಬಂದಿದ್ದು ಕಾಣ್ಬೇಕು, ಆಮೇಲೆ ಡಬ್ಬ ಕಟ್ಟೋದು.