ಹಳೇ ಕ್ಯಾಡಿಲಾಕ್ ಆಂಬುಲೆನ್ಸ್ ಸಿಕ್ಕಿದೆ, ರಿಪೇರಿ ಎಲ್ಲಿಂದ ಶುರು ಮಾಡಬೇಕು?

1960ರ ದಶಕದ ಆಂಬುಲೆನ್ಸ್ ಕೈಗೆ ಬಂದಿದೆ, ಇಂಜಿನ್ ಜಾಮ್ ಆಗಿದೆ, ಅದನ್ನೇ ಮೊದಲು ಬಿಚ್ಚಲಾ ಅಂತ ಕೇಳಿದ್ದೀರಿ. ಆಗಿನ ಆಂಬುಲೆನ್ಸ್ ಕೆಲಸ ಹೇಗಿತ್ತು ಅಂತಲೂ ಕೇಳಿದ್ದೀರಿ. ಇಂಥ ಗಾಡಿಗಳಲ್ಲಿ ಕೈ ಮಸಿ ಮಾಡಿಕೊಂಡವನು ನಾನು. ಇಂಜಿನ್ ಕೊನೆಗಿರಲಿ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಳಗೆ ಸ್ವಲ್ಪ ಎಣ್ಣೆ ಬಿಟ್ಟು ಹಾಗೇ ನೆನೆಯಲು ಬಿಡಿ. ಅಷ್ಟರಲ್ಲಿ ಹಿಂಬಾಗಿಲು ತೆಗೆದು ಒಳಗೆ ಹೋಗಿ ಕೂತುಕೊಳ್ಳಿ.

ಕಾರಣ ಇದೆ. ಕ್ಯಾಡಿಲಾಕ್ ಕಂಪನಿ ಪೂರ್ತಿ ಆಂಬುಲೆನ್ಸ್ ಮಾಡುತ್ತಿರಲಿಲ್ಲ. ಉದ್ದನೆಯ ಚಾಸಿಸ್, ಇಂಜಿನ್, ಮುಂಭಾಗದ ತಗಡು ಕೊಟ್ಟು ಕೈ ತೊಳೆದುಕೊಳ್ಳುತ್ತಿತ್ತು. ಕ್ಯಾಡಿಲಾಕ್‌ನ ಮಾಮೂಲಿ 'ಡಿ ವಿಲ್' ಕಾರಿನಲ್ಲಿ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ 130 ಇಂಚಿನ ಆಸುಪಾಸು ಅಂತರ. ಇದರಲ್ಲಿ ಸುಮಾರು 156 ಇಂಚು. ಬಾಡಿ ಕಟ್ಟುತ್ತಿದ್ದವರು ಬೇರೆ: ಒಹಾಯೊ ರಾಜ್ಯದ ಮಿಲ್ಲರ್-ಮೀಟಿಯರ್, ಸುಪೀರಿಯರ್, ಹೆಸ್ ಅಂಡ್ ಐಸನ್‌ಹಾರ್ಟ್ ಇಂಥವರು. ಹಾಗಾಗಿ ಇಂಜಿನ್ ಸಾಮಾನು ಹುಡುಕಿದರೆ ಸಿಗುತ್ತದೆ, ಅದು ಬೇರೆ ಕ್ಯಾಡಿಲಾಕ್‌ಗಳದ್ದೇ. ಹಿಂಬಾಗಿಲು, ಪಕ್ಕದ ಗಾಜು, ಅದರ ರಬ್ಬರ್ ಬೀಡಿಂಗ್ ಮಾತ್ರ ಸಿಗುವುದು ಬಲು ಕಷ್ಟ. ಕೆಲವರು ಒಂದು ಗಾಜಿಗೋಸ್ಕರ ಇನ್ನೊಂದು ಗಾಡಿಯನ್ನೇ ಕೊಂಡಿದ್ದಾರೆ.

ಒಳಗೆ ಮೊದಲು ನೆಲ ನೋಡಿ. ಲಿನೋಲಿಯಂ ಕೆಳಗೆ ಪ್ಲೈವುಡ್ ಇರುತ್ತದೆ. ಹೆಬ್ಬೆರಳಿನಿಂದ ಒತ್ತಿದಾಗ ಮೆತ್ತಗೆ ಒಳಗೆ ಹೋದರೆ ಅಲ್ಲಿ ನೀರು ಇಳಿದಿದೆ ಅಂತ ಅರ್ಥ. ಆ ನೀರು ಬಹಳ ಸಲ ಬಂದಿರುವುದು ಮೇಲಿನಿಂದ. ಕೆಂಪು ದೀಪ ಕೂರಿಸಲು ಚಾವಣಿಯಲ್ಲಿ ತೂತು ಕೊರೆದಿರುತ್ತಾರೆ, ಅದರ ಸುತ್ತಲಿನ ರಬ್ಬರ್ ಒಣಗಿ ಸೀಳಿರುತ್ತದೆ. ಅದನ್ನು ಸರಿಮಾಡದೆ ನೆಲಕ್ಕೆ ಹೊಸ ಹಲಗೆ ಹಾಕಿದರೆ ಹೊಳೆಯಲ್ಲಿ ಹುಣಸೇಹಣ್ಣು ತೊಳೆದ ಹಾಗೆ.

ನೆಲದಲ್ಲಿ ಅಲ್ಲಲ್ಲಿ ಚಿಕ್ಕ ಲೋಹದ ಪಟ್ಟಿಗಳು ಕಂಡರೆ ಒಂದನ್ನು ಮಗುಚಿ ನೋಡಿ. ಅಡಿಯಲ್ಲಿ ರೋಲರ್ ಇದ್ದರೆ ನಿಮ್ಮದು ಕಾಂಬಿನೇಷನ್ ಗಾಡಿ. ರೋಲರ್ ಮೇಲೆ ಮಾಡಿದರೆ ಶವಪೆಟ್ಟಿಗೆ ಸಲೀಸಾಗಿ ಜಾರುತ್ತದೆ. ತಿರುಗಿಸಿಟ್ಟರೆ ನೆಲ ಸಪಾಟು, ಸ್ಟ್ರೆಚರ್ ನಿಲ್ಲಿಸಬಹುದು. ಮೇಲಿನ ದೀಪವೂ ಬಿಚ್ಚಿಡುವಂಥದ್ದೇ. ಬೆಳಗ್ಗೆ ಹೆಣದ ಗಾಡಿ, ಸಂಜೆ ಆಂಬುಲೆನ್ಸ್!

ವಿಚಿತ್ರ ಅನಿಸುತ್ತದೆ, ಅಲ್ವಾ? ಆದರೆ ಆಗಿನ ಅಮೆರಿಕದಲ್ಲಿ ಇದು ಮಾಮೂಲು. ಎಷ್ಟೋ ಊರುಗಳಲ್ಲಿ ಮನುಷ್ಯನನ್ನು ಮಲಗಿಸಿ ಒಯ್ಯುವಷ್ಟು ಉದ್ದದ ಗಾಡಿ ಇದ್ದದ್ದು ಅಂತ್ಯಕ್ರಿಯೆ ನಡೆಸಿಕೊಡುವವರ ಹತ್ತಿರ ಮಾತ್ರ. ದೇಶದ ಆಂಬುಲೆನ್ಸ್ ಸೇವೆಯಲ್ಲಿ ಸುಮಾರು ಅರ್ಧ ಇವರದ್ದೇ ಅಂತ 1966ರಲ್ಲಿ ನ್ಯಾಷನಲ್ ಅಕಾಡೆಮಿ ಆಫ್ ಸೈನ್ಸಸ್ ತಂದ ವರದಿಯಲ್ಲಿದೆ. ಕೆಲಸದವರಿಗೆ ಹೆಚ್ಚೆಂದರೆ ಪ್ರಥಮ ಚಿಕಿತ್ಸೆ ಗೊತ್ತಿರುತ್ತಿತ್ತು. ಎತ್ತಿ ಹಾಕಿಕೊಂಡು ಆಸ್ಪತ್ರೆಗೆ ಓಡಿಸುವುದು, ಅಷ್ಟೇ. ಕೆಲವು ಕಡೆ ಡ್ರೈವರ್ ಒಬ್ಬನೇ, ಹಿಂದೆ ರೋಗಿ ಒಂಟಿ. ನನಗೆ ಇದರಲ್ಲಿ ಜಾಸ್ತಿ ಬೇಜಾರಾಗುವುದು ಯಾಕೆ ಗೊತ್ತಾ? 1869ರಲ್ಲಿ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆ ಕುದುರೆ ಆಂಬುಲೆನ್ಸ್ ಶುರು ಮಾಡಿದಾಗಲೇ ಅದರಲ್ಲಿ ಡಾಕ್ಟರ್ ಹೋಗುತ್ತಿದ್ದರು. ಹೆಚ್ಚುಕಡಿಮೆ ನೂರು ವರ್ಷ ಕಳೆದು ಗಾಡಿಗೆ ವಿ-8 ಇಂಜಿನ್ ಬಂದಿತ್ತು, ಡಾಕ್ಟರ್ ಇಳಿದುಹೋಗಿದ್ದರು.

ಆ ಕಾಲದಲ್ಲಿ ಅಟೆಂಡರ್ ಆಗಿದ್ದ ಹಿರಿಯರೊಬ್ಬರು ನಾವು ಸರಿಮಾಡಿದ ಗಾಡಿ ನೋಡಲು ಬಂದಿದ್ದರು. ಪೇಂಟು, ಕ್ರೋಮು ಯಾವುದರ ಕಡೆಗೂ ಕಣ್ಣು ಹಾಯಿಸಲಿಲ್ಲ. ನೇರ ಹಿಂದೆ ಹತ್ತಿ, ಪಕ್ಕದ ಮಡಚುವ ಸೀಟಿನಿಂದ ಸ್ಟ್ರೆಚರ್ ಮೇಲೆ ಬಗ್ಗಿ, ಎದೆ ಒತ್ತುವ ಹಾಗೆ ಮಾಡಿದರು. ಬೆನ್ನು ಚಾವಣಿಗೆ ತಾಗಿತು. "ಈ ಥರದ ಗಾಡಿಗಳು ಮೂಲೆ ಸೇರಿದ್ದು ಇದಕ್ಕೇ" ಅಂದರು.

ಅವರು ಹೇಳಿದ್ದು ಸರಿ. 1966ರಲ್ಲಿ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಡಾ. ಫ್ರಾಂಕ್ ಪ್ಯಾಂಟ್ರಿಜ್ ಡಿಫಿಬ್ರಿಲೇಟರ್ ಅನ್ನು, ಅಂದರೆ ಲಯ ತಪ್ಪಿದ ಹೃದಯಕ್ಕೆ ಕರೆಂಟ್ ಶಾಕ್ ಕೊಡುವ ಯಂತ್ರವನ್ನು, ಆಂಬುಲೆನ್ಸಿಗೇ ಏರಿಸಿದರು. ಕಾರ್ ಬ್ಯಾಟರಿ ಎಲ್ಲ ಸೇರಿ ಅದರ ತೂಕ ಸುಮಾರು 70 ಕೆಜಿ. ಮರುವರ್ಷ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಫ್ರೀಡಂ ಹೌಸ್ ಅನ್ನುವ ಸೇವೆ ಶುರುವಾಯಿತು. ಅಲ್ಲಿನ ಕಪ್ಪು ಜನರ ಬಡಾವಣೆಯ ಹುಡುಗರನ್ನು ಆರಿಸಿ ಡಾ. ಪೀಟರ್ ಸಫಾರ್ ತಯಾರು ಮಾಡಿದರು. ಅಂಥ ತರಬೇತಿ ಆಗ ಆಂಬುಲೆನ್ಸಿನವರಿಗೆ ಬೇರೆಲ್ಲೂ ಸಿಗುವುದು ಅಪರೂಪ. ಅಷ್ಟು ಚೆನ್ನಾಗಿ ನಡೆಯುತ್ತಿದ್ದದ್ದನ್ನು 1975ರಲ್ಲಿ ನಗರಾಡಳಿತ ತನ್ನದೇ ಸೇವೆ ತಂದು ನಿಲ್ಲಿಸಿಬಿಟ್ಟಿತು. ಚಿಕಿತ್ಸೆ ಗಾಡಿಯೊಳಗೇ ಶುರುವಾದ ಮೇಲೆ ಎತ್ತರ ಬೇಕಾಯಿತು. ಅಮೆರಿಕ ಸರ್ಕಾರ 1974ರಲ್ಲಿ ಆಂಬುಲೆನ್ಸಿಗೆ ಅಳತೆ ಗೊತ್ತುಮಾಡಿತು. 1977ರಲ್ಲಿ ಕ್ಯಾಡಿಲಾಕ್ ತನ್ನ ಕಾರುಗಳನ್ನೇ ಗಿಡ್ಡ ಮಾಡಿತು. ಆಮೇಲೆ ವ್ಯಾನುಗಳ ಕಾಲ.

ಆದ್ದರಿಂದ ಒಳಗಿನದನ್ನು ಸುಮ್ನೆ ಕಿತ್ತು ಹೊಸದು ಹಾಕಬೇಡಿ. ಸ್ಟ್ರೆಚರ್ ಕೊಂಡಿ, ಕಪಾಟು, ಸವೆದ ಹಿಡಿಕೆ ಎಲ್ಲ ಇದ್ದಲ್ಲೇ ಇರಲಿ. ಟಿಂಕರಿಂಗ್ ಮಾಡುವವರ ಕೈಗೆ ಗಾಡಿ ಕೊಡುವ ಮುಂಚೆ ಬಾಗಿಲಿನ ಬಣ್ಣವನ್ನು ನೀರು ಹಾಕಿ ತೆಳ್ಳಗೆ ಉಜ್ಜಿ ನೋಡಿ. ಮೇಲೆ ಬೇರೆ ಬಣ್ಣ ಹೊಡೆದಿದ್ದರೆ ಅಡಿಯಲ್ಲಿ ಹಳೇ ಊರಿನ ಹೆಸರು, ಸೇವೆಯ ಹೆಸರು ಅಚ್ಚಾಗಿ ಕಾಣುವುದುಂಟು. ಫೋಟೋ ತೆಗೆದಿಟ್ಟುಕೊಂಡೇ ಮುಂದಕ್ಕೆ ಹೋಗಿ. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಒಣಗಿದ್ದನ್ನು ಉಜ್ಜಲೇಬೇಡಿ.

ಇನ್ನೆರಡು ಮಾತು. ಫೆಡರಲ್ ಕ್ಯೂ ಥರದ ದೊಡ್ಡ ಸೈರನ್ ಇದ್ದರೆ ಅದು ಹತ್ತಿರ ಹತ್ತಿರ 100 ಆಂಪಿಯರ್ ಎಳೆಯುತ್ತದೆ, ಹಳೇ ವೈರಿಂಗ್ ನಂಬಿ ಸ್ವಿಚ್ ಒತ್ತಬೇಡಿ. ಬ್ಯಾಟರಿಯಿಂದ ನೇರ ದಪ್ಪ ಕೇಬಲ್ ಎಳೆದು, ರಿಲೇ ಹಾಕಿಸಿ. ಆಕ್ಸಿಜನ್ ಸಿಲಿಂಡರ್ ಇದ್ದರೆ ತಿಳಿದವರಿಂದ ಖಾಲಿ ಮಾಡಿಸಿ, ಬರೀ ನೋಟಕ್ಕೆ ಇಡಿ. ವಾಲ್ವ್ ಬಿಗಿ ಅಂತ ಎಣ್ಣೆ, ಗ್ರೀಸ್ ಮುಟ್ಟಿಸಿದಿರೋ, ಬೆಂಕಿ ಹೊತ್ತಿಕೊಳ್ಳುತ್ತದೆ.

ಬಾಡಿ ಕಟ್ಟಿದವರ ಹೆಸರಿನ ಪ್ಲೇಟ್ ಗಾಡಿಯಲ್ಲೇ ಎಲ್ಲಾದರೂ ಇರುತ್ತದೆ, ಬಾಗಿಲ ಅಂಚುಗಳಲ್ಲಿ ಹುಡುಕಿ. ಅದರ ಫೋಟೋ ಹಾಕಿದರೆ ಯಾವ ಗಾಜು, ಯಾವ ಬೀಡಿಂಗ್ ಹುಡುಕಬೇಕು ಅಂತ ಹೇಳುತ್ತೇನೆ.